ಜನರಲ್ ಸಾಹೇಬರಿಗೆ ಎಳ್ಳುನೀರು

ವಿಮಾನ ನಿಲ್ದಾಣ

ನನ್ನ ಚೀಲದಲ್ಲಿದ್ದ ದರ್ಭೆಯ ಕಟ್ಟನ್ನು ಅಮೆರಿಕದ ಅಧಿಕಾರಿ ಎರಡು ಬೆರಳಲ್ಲಿ ಎತ್ತಿ ಹಿಡಿದು ಇದೇನು ಎಂದು ಕೇಳಿದ. ಹುಲ್ಲು ಎಂದೆ. ಹುಲ್ಲನ್ನು ಅಷ್ಟು ದೂರದಿಂದ ಯಾಕೆ ತಂದಿರಿ ಎಂದ. ನಮ್ಮ ಮನೆಯವರು ಮುಂದೆ ಬಂದರು. ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದ ಇಂಗ್ಲಿಷಿನಲ್ಲಿ ಪಿತೃಪಕ್ಷ, ಮಹಾಲಯ ಅಮಾವಾಸ್ಯೆ, ಸತ್ತವರಿಗೆ ಕೊಡುವ ಎಳ್ಳುನೀರು ಎಲ್ಲವನ್ನೂ ವಿವರಿಸಿದರು. ಆತ ಪಾಪ, ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಸಾರಿ ಎಂದು ದರ್ಭೆಯನ್ನು ಕಸದ ಡಬ್ಬಿಗೆ ಹಾಕಿದ. ಕರಿ ಎಳ್ಳಿನ ಪೊಟ್ಟಣವನ್ನು ಮೂಸಿ ನೋಡಿ ವಾಪಸು ಕೊಟ್ಟ. ಎಳ್ಳಾದರೂ ಉಳಿಯಿತಲ್ಲ, ನಂಜುಂಡೇಶ್ವರ ದೊಡ್ಡವನು ಎಂದುಕೊಂಡು ನಡೆದೆ.

ನಾವು ಹೋದದ್ದು ಊರು ನೋಡಲಿಕ್ಕಲ್ಲ, ಸತ್ತು ಇನ್ನೂರು ವರ್ಷವಾದ ಒಬ್ಬ ಮನುಷ್ಯನನ್ನು ನೋಡಲಿಕ್ಕೆ. ಆತ ನ್ಯೂಜೆರ್ಸಿಯ ಒಂದು ಹೊಲದ ಮನೆಯಲ್ಲಿ ಹುಟ್ಟಿ, ಮೀಸೆ ಬರುವ ಮೊದಲೇ ಬಂದೂಕು ಹಿಡಿದು, ಆ ಕಾಲಕ್ಕೆ ಬಿಳಿಯರ ನಾಡು ಎಲ್ಲಿ ಮುಗಿಯುತ್ತಿತ್ತೋ ಆ ಗಡಿಯ ಕಾಡುಗಳಲ್ಲಿ ವರ್ಷಗಟ್ಟಲೆ ಕಾದಾಡಿದವನು. ವಯಸ್ಸಾದ ಮೇಲೆ ಶಾಸನಸಭೆಯಲ್ಲಿ ಕುಳಿತು ಬಡವರ ಮಕ್ಕಳಿಗೆ ಶಾಲೆ ಕಟ್ಟಿಸಿದ. ಸಾಯುವಾಗ ಜನರಲ್. ಅವರ ಹೆಸರು ನಮ್ಮವರ ಪುಸ್ತಕದ ಮುಖಪುಟದ ಮೇಲಿದೆ, ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅವರು ಜನರಲ್ ಸಾಹೇಬರು, ಅಷ್ಟೇ.

ಮದುವೆಯಾದ ಹೊಸತರಲ್ಲಿ ಇವರು ಮೈಸೂರಿನ ಮಾರುಕಟ್ಟೆಯ ಹಿಂದಿನ ಹಳೇ ಪುಸ್ತಕದ ರಾಶಿಯಿಂದ ರಟ್ಟಿಲ್ಲದ ಒಂದು ಇಂಗ್ಲಿಷ್ ಪುಸ್ತಕ ತಂದಿದ್ದರು. ಶಾಲೆಯ ಮುಖ ಕಾಣದ ಸಿಪಾಯಿಯೊಬ್ಬ ಗುಡಾರದಲ್ಲಿ ಕೂತು ತಾನೇ ಓದಲು ಕಲಿತ ಎಂಬಲ್ಲಿಗೆ ಬಂದಾಗ ಇವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದೇನೆ. ಇವರು ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ. ಒಂದು ಮನೆಯವರು ಊರಿಗೆ ಹೋದರೆ ಅವತ್ತು ಉಪವಾಸ. ಇವರ ಎಲೆಯಲ್ಲಿ ಇವತ್ತಿನವರೆಗೂ ಒಂದಗುಳು ಉಳಿದದ್ದು ನಾನು ಕಂಡಿಲ್ಲ. ನೆಲಕ್ಕೆ ಬಿದ್ದ ಅಗುಳನ್ನು ಎತ್ತಿ ಕಣ್ಣಿಗೆ ಒತ್ತಿಕೊಳ್ಳುವ ಮನುಷ್ಯ.

ಅಂಥವರು ಇಪ್ಪತ್ತು ವರ್ಷ ಕೂತು ಜನರಲ್ ಸಾಹೇಬರ ಜೀವನವನ್ನು ಕನ್ನಡದಲ್ಲಿ ಬರೆದರು. ಇವರ ಅಕ್ಷರ ಇರುವೆ ಮಸಿಯಲ್ಲಿ ಕಾಲದ್ದಿ ಓಡಾಡಿದ ಹಾಗೆ. ಪ್ರೆಸ್ಸಿನವರಿಗೆ ನನ್ನ ಅಕ್ಷರವೇ ಆಗಬೇಕು. ಹೀಗಾಗಿ ಆ ಜೀವನವನ್ನು ನಾನು ನಾಲ್ಕು ಸಲ ಶುದ್ಧಪ್ರತಿ ಮಾಡಿದ್ದೇನೆ, ಅನ್ನಕ್ಕಿಟ್ಟು ಬಂದು ಎರಡು ಪುಟ, ಸಾರು ಕುದಿಯುವಾಗ ಅರ್ಧ ಪುಟ. ಪ್ರಕಾಶಕರು ಒಪ್ಪಿದ್ದರು. ಅಚ್ಚಿಗೆ ಕೊಡುವ ಮೊದಲು ಆ ಊರು, ಆ ಮನೆ, ಅವರ ಕೈಬರಹ ಒಂದು ಸಲ ನೋಡಿಬಿಡಬೇಕೆಂದು ಇವರು ಹಟ ಹಿಡಿದರು. ನನ್ನ ತಂಗಿ ವಿಮಲ ನ್ಯೂಜೆರ್ಸಿಯಲ್ಲೇ ಇದ್ದದ್ದು ನಮ್ಮ ಪುಣ್ಯ.

ಮಾನ್ಮತ್ ಜಂಕ್ಷನ್

ಜಂಕ್ಷನ್ ಎಂದರೆ ರೈಲು ಬರುತ್ತದೆ ಎಂದುಕೊಂಡಿದ್ದೆ. ಬರುವುದು ಬರೀ ಕಾರು. ಒಂದೇ ಅಚ್ಚಿನ ಮನೆಗಳು, ಒಂದೇ ಅಳತೆಯ ಹುಲ್ಲು. ಎರಡನೆಯ ದಿನವೇ ವಾಕಿಂಗ್ ಹೋದವಳು ಬೇರೆಯವರ ಬಾಗಿಲ ಬೆಲ್ ಒತ್ತಿದೆ. ತೆರೆದವರೂ ನಮ್ಮವರೇ, ತೆಲುಗಿನವರು. ಕಾಫಿ ಕೊಟ್ಟೇ ಕಳಿಸಿದರು.

ತಪ್ಪಿದ್ದು ಯಾಕೆಂದರೆ ಆ ಬೀದಿಯಲ್ಲಿ ಎಲ್ಲರ ಬಾಗಿಲಲ್ಲೂ ಒಂದೇ ಅಲಂಕಾರ. ಮುಸುಕಿನ ಜೋಳದ ಒಣ ದಂಟುಗಳನ್ನು ಕಂತೆ ಕಟ್ಟಿ ಎರಡೂ ಕಡೆ ನಿಲ್ಲಿಸಿ, ಕೆಂಪು, ನೇರಳೆ, ಹಳದಿ ಕಾಳಿನ ತೆನೆಗಳನ್ನು ಬಾಗಿಲಿಗೆ ತೂಗುಹಾಕುತ್ತಾರೆ. ಕಾಳು ಎಷ್ಟು ಚೆಂದ ಎಂದರೆ ಮುತ್ತಿನ ಹಾಗೆ. ಆಮೇಲೆ ಬಿಡಿಸಿ ಏನು ಮಾಡುತ್ತಾರೆ ಎಂದು ವಿಮಲನ ಮಗಳು ನಿಧಿಯನ್ನು ಕೇಳಿದೆ. ಅವಳು ಅಲ್ಲೇ ಹುಟ್ಟಿ ಬೆಳೆದವಳು, ಕಾಲೇಜಿಗೆ ಹೋಗುತ್ತಾಳೆ. "ದೊಡ್ಡಮ್ಮ, ಇಟ್ಸ್ ಜಸ್ಟ್ ಡೆಕೊರೇಷನ್. ನವೆಂಬರ್ ಆದ್ಮೇಲೆ ವಿ ಥ್ರೋ ಇಟ್" ಎಂದಳು. ನನಗೆ ಕಸಿವಿಸಿಯಾಯಿತು. ಅವರ ದೇಶ, ಅವರ ಜೋಳ, ನನಗೇನು ಎಂದು ಸುಮ್ಮನಾದೆ.

ದರ್ಭೆ ಕೊನೆಗೂ ಸಿಕ್ಕಿತು. ಹತ್ತಿರದ ದೇವಸ್ಥಾನದ ಅರ್ಚಕರು ಫ್ರಿಜ್ಜಿನ ತರಕಾರಿ ಡಬ್ಬಿಯಿಂದ ತೆಗೆದುಕೊಟ್ಟರಂತೆ. ಅಮಾವಾಸ್ಯೆಯ ದಿನ ಬೆಳಿಗ್ಗೆ ಎದ್ದು ಮಡಿಯಲ್ಲಿ ಅಡುಗೆ ಮಾಡಿದೆ. ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಉದ್ದಿನ ವಡೆ, ಎಳ್ಳುಂಡೆ, ಗಸಗಸೆ ಪಾಯಸ. ವಡೆಯ ಹೊಗೆಗೆ ಸೂರಿನಲ್ಲಿದ್ದ ಅಲಾರಂ ಕಿರುಚಿಕೊಂಡಿತು. ವಿಮಲ ಆಫೀಸಿನ ಮೀಟಿಂಗಿನಲ್ಲಿದ್ದವಳು ಓಡಿಬಂದು ಕುರ್ಚಿ ಹತ್ತಿ ಟವೆಲಿನಿಂದ ಗಾಳಿ ಬೀಸಿದಳು.

ಮನೆಯ ಹಿಂದಿನ ಮರದ ಜಗುಲಿಯ ಮೇಲೆ ತರ್ಪಣ. ಇವರು ಎಳ್ಳು ಹಿಡಿದು ಕೈ ಚಾಚುವುದು, ನಾನು ಚೊಂಬಿನಿಂದ ನೀರು ಹಾಕುವುದು, ಮೂವತ್ತೆಂಟು ವರ್ಷದ ಅಭ್ಯಾಸ. ತಂದೆ ತಾಯಿ, ಅಜ್ಜ ಅಜ್ಜಿ, ಎರಡೂ ಕಡೆಯವರು. ಆಮೇಲೆ ವಾರಾನ್ನ ಹಾಕಿದ ಏಳು ಮನೆಯ ತಾಯಂದಿರು, ಒಬ್ಬೊಬ್ಬರ ಹೆಸರೂ ಇವರಿಗೆ ಬಾಯಿಗೆ ಬರುತ್ತದೆ. ಅವರಾದ ಮೇಲೆ, ಕೆಲವು ವರ್ಷದಿಂದ, ಜನರಲ್ ಸಾಹೇಬರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವುದು ವಾಡಿಕೆ. ಹಾಗಾಗಿ ಅವರೂ ಕಾಶ್ಯಪ ಗೋತ್ರದವರಾದರು. ಕೊನೆಯ ನೀರು ಹೆಸರಿಲ್ಲದವರಿಗೆ, ಕೊಡಲು ಯಾರೂ ಇಲ್ಲದವರಿಗೆ.

ಅವತ್ತು ಜನರಲ್ ಸಾಹೇಬರ ನೆಲದ ಮೇಲೆಯೇ ಅವರಿಗೆ ನೀರು ಬಿಟ್ಟೆವಲ್ಲ ಎಂದು ಇವರಿಗೆ ಹಿಗ್ಗು. ನನಗೂ. ಕಾಗೆಗೆಂದು ಇಟ್ಟ ಪಿಂಡವನ್ನು ಅಳಿಲು ತಿಂದಿತು. ಹೊರಗೆ ಅನ್ನ ಇಟ್ಟರೆ ಪ್ರಾಣಿಗಳು ಬರುತ್ತವೆಂದು ಬಡಾವಣೆಯವರ ಕಾಗದ ಬರುತ್ತದೆ ಅಕ್ಕ ಎಂದು ವಿಮಲ ಕೈ ಹಿಸುಕಿಕೊಂಡಳು. ಬರಲಿಲ್ಲ, ಅದೂ ದೇವರ ದಯೆ.

ಮಾರಿಸ್‌ಟೌನ್

ಜನರಲ್ ಸಾಹೇಬರ ಮನೆ ಊರಿನ ಅಂಚಿನಲ್ಲಿದೆ. ಈಗ ಅದೊಂದು ಪುಟ್ಟ ಮ್ಯೂಸಿಯಂ. ಹೊಸ್ತಿಲಲ್ಲಿ ನಾನು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟೆ. ಬೇಡ ಬೇಡ ಎಂದರು. ಅಷ್ಟರಲ್ಲಿ ಇವರೂ ಶೂ ಬಿಚ್ಚಿಯಾಗಿತ್ತು. ತಣ್ಣನೆಯ ಹಲಗೆ ನೆಲದ ಮೇಲೆ ನಾವಿಬ್ಬರೂ ಕಾಲುಚೀಲದಲ್ಲಿ ಓಡಾಡಿದೆವು. ಗೋಡೆಯ ಮೇಲೆ ಅವರ ಚಿತ್ರ, ತೆಳ್ಳನೆಯ ತುಟಿ, ಒಳ್ಳೆಯ ಕಣ್ಣು. ಇವರು ಕೈಮುಗಿದರು.

ನಾನು ಹೆಚ್ಚು ಹೊತ್ತು ನಿಂತದ್ದು ಅಡುಗೆಮನೆಯಲ್ಲಿ. ಮನುಷ್ಯ ಒಳಗೆ ನಿಲ್ಲುವಷ್ಟು ದೊಡ್ಡ ಒಲೆ, ಕೊಕ್ಕೆಗೆ ತೂಗಿದ ಕಬ್ಬಿಣದ ಹಂಡೆ. ಗಂಡ ಕಾಡಿನಲ್ಲಿದ್ದಷ್ಟು ವರ್ಷವೂ ಒಬ್ಬಳೇ ಈ ಹಂಡೆ ಎತ್ತಿ ಇಳಿಸಿದಳಲ್ಲ ಎಂದು ಅವರ ಹೆಂಡತಿಯನ್ನು ನೆನೆದೆ. ಆಕೆಯ ಬಗ್ಗೆ ಇವರ ಪುಸ್ತಕದಲ್ಲಿ ಇರುವುದು ಒಂದೂವರೆ ಪುಟ. ನಾನೇ ಬರೆದದ್ದಲ್ಲವೇ, ಗೊತ್ತು.

ಕಾಗದಗಳಿರುವುದು ಮಹಡಿಯ ಕೋಣೆಯಲ್ಲಿ. ಚೀಲ ಒಳಗೆ ಒಯ್ಯುವಂತಿಲ್ಲ, ಪೆನ್ನು ಮುಟ್ಟುವಂತಿಲ್ಲ, ಪೆನ್ಸಿಲ್ ಅವರೇ ಕೊಡುತ್ತಾರೆ. ಬೆಳ್ಳಿಕೂದಲಿನ ಒಬ್ಬ ಹೆಂಗಸು ಕಾಗದವನ್ನು ತಂದು ಎಳೇ ಕೂಸನ್ನು ಮಲಗಿಸಿದಂತೆ ಮೆತ್ತೆಯ ಮೇಲೆ ಇಟ್ಟಳು. ಇವರು ಬಗ್ಗಿ ನೋಡಿದರು. ಒಂದು ಕಣ್ಣಿಗೆ ಪೊರೆ ತೆಗೆಸಿದೆ, ಇನ್ನೊಂದು ಬಾಕಿ. ಮಸಿ ಕಂದಿ ಟೀ ಬಣ್ಣಕ್ಕೆ ತಿರುಗಿತ್ತು. ಒಂದು ಸಾಲೂ ಹಿಡಿಯಲಿಲ್ಲ. ಇಪ್ಪತ್ತು ವರ್ಷ ಕಾದ ಮನುಷ್ಯ ಕನ್ನಡಕ ತೆಗೆದು ಒರೆಸುತ್ತ ಕೂತರು.

ನಾನು ಬಗ್ಗಿದೆ. ನನ್ನ ಇಂಗ್ಲಿಷ್ ಪಿಯುಸಿಯದ್ದು. ಆದರೆ ಇರುವೆ ಓಡಾಡಿದ ಅಕ್ಷರವನ್ನು ಓದಿ ಓದಿ ಪಳಗಿದ ಕಣ್ಣು. ಎರಡು ನಿಮಿಷಕ್ಕೆ ಆ ಕೈಯ ತಿರುವು ಸಿಕ್ಕಿತು. "ಮೈ ಡಿಯರ್ ವೈಫ್" ಎಂದು ಓದಿದೆ. ಇವರ ಮುಖ ಹಬ್ಬದ ದಿನದ ಹಾಗೆ ಆಯಿತು. ನಾನು ಕಾಪಿ ಮಾಡುವುದು, ಇವರು ಪಕ್ಕದ ಮೇಜಿನಲ್ಲಿ ಅಚ್ಚಾದ ಪುಸ್ತಕ ನೋಡುವುದು ಎಂದಾಯಿತು. ಆ ಹೆಂಗಸು ನನಗೆ ಇನ್ನೊಂದು ಪೆನ್ಸಿಲ್ ಚೂಪು ಮಾಡಿ ಕೊಟ್ಟಳು. ಜೀವನದಲ್ಲಿ ಮೊದಲ ಸಲ ಮೂಲವೇ ನನ್ನ ಕೈಲಿತ್ತು.

ಮೂರನೆಯ ಕಾಗದ ಗಡಿಯಿಂದ ಬರೆದದ್ದು. ಹಸು ಕರು ಹಾಕಿತೇ, ದಪ್ಪ ಕಾಲುಚೀಲ ಎರಡು ಜೊತೆ ಕಳಿಸು ಎಂದಿತ್ತು. ಮಕ್ಕಳಿಗೆ ಚಳಿಗಾಲ ಕಳೆಯುವಷ್ಟು ಜೋಳ ಕಣಜದಲ್ಲಿದೆಯೇ, ಇಲ್ಲದಿದ್ದರೆ ಅಣ್ಣನನ್ನು ಕೇಳು ಎಂದಿತ್ತು. ಎಂಥ ಒಳ್ಳೆಯ ಗಂಡ ಎಂದುಕೊಳ್ಳುತ್ತಲೇ ಹಾಳೆ ತಿರುವಿ ಬರೆದೆ. ಬರೆಯುವಾಗ ನಾನು ಅರ್ಥದ ಕಡೆ ಹೋಗುವುದಿಲ್ಲ, ಅಕ್ಷರದ ಹಿಂದೆ ಹೋಗುತ್ತೇನೆ. ಅರ್ಥ ಆಮೇಲೆ ಬರುತ್ತದೆ. ಅವತ್ತೂ ಆಮೇಲೆಯೇ ಬಂತು.

ಆ ಕಾಡಿನ ಮೂಲನಿವಾಸಿಗಳ ಊರುಗಳಲ್ಲಿ ಒಂಬತ್ತು ದಿನ ಜೋಳ ಸುಟ್ಟೆವು ಎಂದಿತ್ತು. ಹೊಲದಲ್ಲಿ ನಿಂತ ಪೈರು, ಮನೆಯಲ್ಲಿ ತೂಗುಹಾಕಿದ ತೆನೆ, ಬೀಜಕ್ಕೆ ಎತ್ತಿಟ್ಟದ್ದು, ಎಲ್ಲ. ತೆನೆಗಳು ಮೊಳಕೈ ಉದ್ದ ಇದ್ದವಂತೆ, ಅಂಥ ಬೆಳೆಯನ್ನು ಆತ ತನ್ನ ಊರ ಕಡೆ ಕಂಡಿಲ್ಲವಂತೆ. ಜನ ಓಡಿಹೋಗಿದ್ದರು. ಒಲೆಯ ಮೇಲೆ ಹಂಡೆಗಳಲ್ಲಿ ಜೋಳ, ಹುರುಳಿಕಾಯಿ ಬೇಯುತ್ತಿತ್ತು. ಸಿಪಾಯಿಗಳು ಅದನ್ನು ಉಂಡು ಆಮೇಲೆ ಮನೆಗೆ ಬೆಂಕಿ ಇಟ್ಟರು. ಓಡಲಾರದ ನಾಲ್ಕೈದು ಮುದುಕಿಯರು ಕಾಡಿನ ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಮಂಜು ಬೀಳಲು ಇನ್ನು ಹೆಚ್ಚು ದಿನ ಇಲ್ಲ, ಕೆಲಸ ಚೆನ್ನಾಗಿ ಆಯಿತು ಎಂದು ಬರೆದು, ಕೆಳಗೆ ಹೆಂಡತಿಗೆ ಪ್ರೀತಿ ತಿಳಿಸಿದ್ದರು.

ಕೋಣೆಯಲ್ಲಿ ಗಟ್ಟಿಯಾಗಿ ಮಾತಾಡುವಂತಿಲ್ಲ. ಎದ್ದು ಹೋಗಿ ಇವರ ಮುಂದೆ ನನ್ನ ಹಾಳೆ ಇಟ್ಟೆ. "ಇದನ್ನ ನೋಡಿ" ಎಂದೆ.

ಇವರು ಮೊದಲ ಎರಡು ಸಾಲಿಗೆ ಬೆರಳಿಟ್ಟರು, ಮುಂದಕ್ಕೆ ಹೋಗಲಿಲ್ಲ. "ಆ ಪುಟ ಬೇಡ ಬಿಡು ಸರೋಜ. ಮುಂದಿನ ಕಾಗದ ತಗೋ."

ಓದಿ ಬೇಸರವಾಗಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಪೂರ್ತಿ ಓದದೆಯೇ ಬೇಡ ಎಂದರು. ಅದರಲ್ಲಿ ಏನಿದೆ ಎಂದು ಅವರಿಗೆ ಗೊತ್ತಿತ್ತು.

ವಾಪಸು ದಾರಿ

ವಿಮಲ ಡ್ರೈವ್ ಮಾಡುತ್ತಿದ್ದಳು, ಇವರು ಮುಂದೆ, ನಾನು ಹಿಂದೆ. ದಾರಿಯುದ್ದಕ್ಕೂ ಮರಗಳು ಕುಂಕುಮ, ಅರಿಸಿನ ಚೆಲ್ಲಿದ ಹಾಗೆ ಬಣ್ಣ ತಿರುಗಿದ್ದವು. ಅದನ್ನು ನೋಡಲೆಂದೇ ಜನ ದೂರದಿಂದ ಬರುತ್ತಾರಂತೆ. ನಾನು ಇವರ ಹಿಂದಲೆ ನೋಡುತ್ತ ಕೂತಿದ್ದೆ.

"ನಿಮಗೆ ಮೊದಲೇ ಗೊತ್ತಿತ್ತು" ಎಂದೆ.

"ಆ ರಟ್ಟಿಲ್ಲದ ಪುಸ್ತಕದಲ್ಲೇ ಇತ್ತು ಕಣೇ. ಅರ್ಧ ಪುಟ."

"ನಾಲ್ಕು ಸಲ ಬರೆದೆನಲ್ಲ, ನನಗೆ ಎಲ್ಲೂ ಸಿಗಲಿಲ್ಲ."

"ಅದು ಯುದ್ಧ. ಮೇಲಿನವರ ಆರ್ಡರು. ಶಾಲೆ ಕಟ್ಟಿಸಿದ್ದೂ ಅವರೇ ಅಲ್ವಾ?"

"ಆ ಮುದುಕೀರ ಮೊಮ್ಮಕ್ಕಳು ಆ ಶಾಲೆಗೆ ಬಂದ್ರಾ?"

ವಿಮಲ, ಅಕ್ಕ ಹೈವೇ ಮೇಲಿದ್ದೀವಿ, ಮನೆಗೆ ಹೋಗಿ ಜಗಳ ಆಡಿ, ಭಾವ ನೀವೂ ಅಷ್ಟೇ ಎಂದು ರೇಡಿಯೋ ಹಾಕಿದಳು. ಸ್ವಲ್ಪ ದೂರ ಹೋದ ಮೇಲೆ ಇವರೇ ಅದನ್ನು ಸಣ್ಣಗೆ ಮಾಡಿದರು. ಹಿಂದೆ ತಿರುಗದೆ ಹೇಳಿದರು.

"ನನ್ನ ಪುಸ್ತಕ ಓದೋರು ಯಾರು? ನನ್ನ ಹಾಗೆ ಇಲ್ಲದ ಮನೆಯಿಂದ ಬಂದ ಮಕ್ಕಳು. ಅವರಿಗೆ ಹಿಡ್ಕೊಳ್ಳೋಕೆ ಒಬ್ಬ ಒಳ್ಳೆಯವನು ಬೇಡ್ವೇ? ಜೋಳ ಸುಟ್ಟ ಅಂತ ಬರೆದರೆ ಅದೊಂದೇ ಉಳಿಯುತ್ತೆ. ಬಾಕಿ ಇಪ್ಪತ್ತು ವರ್ಷ ನೀರಲ್ಲಿ ಹೋಗುತ್ತೆ."

ಆ ಮಾತಿನಲ್ಲಿ ಕಪಟ ಇರಲಿಲ್ಲ, ಅದೇ ನನಗೆ ಕಷ್ಟವಾದದ್ದು. ಸುಳ್ಳುಗಾರನ ಜೊತೆ ಜಗಳ ಆಡಬಹುದು. ನನಗೆ ಹೇಳಲು ಬಂದದ್ದು ಒಂದೇ. "ಅಡುಗೆ ಒಲೆ ಮೇಲಿತ್ತಂತೆ ರೀ."

ನಾಲ್ಕು ದಿನದ ಹಿಂದೆ ಅದೇ ಮನುಷ್ಯನಿಗೆ ನಾನು ಮಡಿಯುಟ್ಟು ಅಡುಗೆ ಮಾಡಿದ್ದೆ, ಏಳು ತಾಯಂದಿರ ಪಂಕ್ತಿಯಲ್ಲಿ ನೀರು ಹಾಕಿದ್ದೆ. ತಿಳಿಯದೆ ಮಾಡಿದ್ದು ನಾನು. ತಿಳಿದು ಮಾಡಿಸಿದ್ದು ಇವರು. ಮಾನ್ಮತ್ ಜಂಕ್ಷನ್ ಬಂದಾಗ ಬಾಗಿಲುಗಳ ಮೇಲೆ ತೂಗುತ್ತಿದ್ದ ತೆನೆಗಳ ಕಡೆ ನೋಡಲಾಗಲಿಲ್ಲ.

ಈಸ್ಟ್ ಬ್ರನ್ಸ್‌ವಿಕ್

ಅಲ್ಲಿನ ಕನ್ನಡದವರೊಬ್ಬರ ಮನೆಯ ನೆಲಮಾಳಿಗೆಯಲ್ಲಿ ಇವರ ಭಾಷಣ ಇಟ್ಟಿದ್ದರು. ನಲವತ್ತು ಜನ. ಡಾಕ್ಟರುಗಳು, ಎಂಜಿನಿಯರುಗಳು, ರೇಷ್ಮೆ ಸೀರೆಯುಟ್ಟ ಹೆಣ್ಣುಮಕ್ಕಳು. ಆಂಟಿ ನೀವು ಪ್ರಾರ್ಥನೆ ಹಾಡಬೇಕು ಎಂದರು. ಗಣಪತಿಯ ಮೇಲೊಂದು ಹಾಡಿದೆ, ದೇವರು ಗಂಟಲು ನಡುಗಿಸಲಿಲ್ಲ. ಹಾಡಿ ಕೂತ ಮೇಲೆ, ಇವರು ಈಗಲಾದರೂ ಹೇಳುತ್ತಾರೇನೋ ಎಂದು ಕಾದೆ.

ಗುಡಾರದ ಓದು ಹೇಳಿದರು. ಶಾಲೆ ಕಟ್ಟಿಸಿದ್ದು ಹೇಳಿದರು. ಹೆಂಡತಿಗೆ ಬರೆದ ಕಾಗದ ಸ್ವಂತ ಕಣ್ಣಿಂದ ನೋಡಿ ಬಂದೆ ಎಂದರು. ಮಕ್ಕಳಿಗೆ ಚಳಿಗಾಲಕ್ಕೆ ಜೋಳ ಇದೆಯೇ ಎಂದು ವಿಚಾರಿಸಿದ ತಂದೆಯ ಕರುಳು ನೋಡಿ ಎಂದರು. ಹಾಳೆಯ ಆ ಬದಿಯನ್ನು ಹೇಳಿ, ಈ ಬದಿಯನ್ನು ನುಂಗಿದರು. ತಮ್ಮ ವಾರಾನ್ನದ ಕತೆ ಹೇಳುವಾಗ ಹೆಂಗಸರು ಕಣ್ಣೊರೆಸಿಕೊಂಡರು. ಆ ಕತೆಗೆ ಮೊದಲೆಲ್ಲ ನಾನೂ ಅಳುತ್ತಿದ್ದೆ. ಅವತ್ತು ಬರಲಿಲ್ಲ.

ಪಕ್ಕದಲ್ಲಿದ್ದ ಒಬ್ಬಾಕೆ, ಆಂಟಿ ನೀವೂ ಬರೀತೀರಾ ಎಂದು ಕೇಳಿದಳು. ಇಲ್ಲಮ್ಮ, ಅವರು ಬರೆದದ್ದನ್ನು ನಾನು ಬರೆಯುತ್ತೇನೆ ಎಂದೆ. ಓ ಸ್ವೀಟ್ ಎಂದಳು.

ಊಟಕ್ಕೆ ಬಿಸಿಬೇಳೆಬಾತು, ಮೊಸರನ್ನ, ಜಹಾಂಗೀರು. ಕಾಗದದ ತಟ್ಟೆಗಳಲ್ಲಿ ಅರ್ಧರ್ಧ ಬಿಟ್ಟು ಕರಿ ಚೀಲಕ್ಕೆ ಹಾಕುತ್ತಿದ್ದರು. ಚೀಲ ತುಂಬಿ ಇನ್ನೊಂದು ಚೀಲ ಬಿಚ್ಚಿದರು. ಇವರಿಗೆ ತಡೆಯಲಾಗಲಿಲ್ಲ. ಚೀಲದ ಪಕ್ಕ ಹೋಗಿ ನಿಂತು, ತಟ್ಟೆ ತಂದ ಒಬ್ಬ ಹುಡುಗಿಗೆ, "ಇಷ್ಟು ಅನ್ನ ಬಿಸಾಡಬಾರದಮ್ಮ, ಪಾಪ ಸುತ್ತಿಕೊಳ್ಳುತ್ತೆ" ಎಂದರು. ಮಾತು ಮುಗಿಯುವಾಗ ತಲೆ ಎತ್ತಿದರು. ಎದುರಿಗೆ ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ತಕ್ಷಣ ಬೇರೆ ಕಡೆ ನೋಡಿದರು. ಉಳಿದ ಎಂಟು ದಿನವೂ ನನ್ನ ಮುಖವನ್ನು ಸರಿಯಾಗಿ ನೋಡಲಿಲ್ಲ.

ಮೈಸೂರು

ಊರಿಗೆ ಬಂದ ಮೇಲೆ ಕೊನೆಯ ಶುದ್ಧಪ್ರತಿ. ಗಡಿಯ ಯುದ್ಧ ಬರುವುದು ಹನ್ನೊಂದನೆಯ ಅಧ್ಯಾಯದಲ್ಲಿ. ಪೆನ್ಸಿಲಿನಲ್ಲಿ ಬರೆದು ತಂದ ಹಾಳೆಯನ್ನು ನನಗೆ ಬಂದ ಕನ್ನಡದಲ್ಲಿ ಒಂದು ಪುಟ ಮಾಡಿ ಅದರ ನಡುವೆ ಸೇರಿಸಿದೆ. ಕದ್ದು ಸೇರಿಸಲಿಲ್ಲ, ಮೇಲೆ ಕಾಣುವಂತೆಯೇ ಇಟ್ಟೆ. ಇವರು ಅದೊಂದು ಪುಟ ತೆಗೆದು, ಮಡಿಸಿ, ನಾನು ಅಕ್ಕಿ ಆರಿಸುತ್ತಿದ್ದ ಮೊರದ ಪಕ್ಕ ಇಟ್ಟು ಹೋದರು. ನಾನು ಎದ್ದು ಹೋಗಿ, ಇನ್ನೆಲ್ಲ ಬರೆದುಕೊಡುತ್ತೇನೆ, ಹನ್ನೊಂದನೆಯ ಅಧ್ಯಾಯ ನನ್ನ ಕೈಲಿ ಆಗುವುದಿಲ್ಲ ಎಂದೆ. ಇವರು ಸರಿ ಎಂದರು.

ಆ ಅಧ್ಯಾಯವನ್ನು ಒಂದೂವರೆ ಕಣ್ಣಿನಲ್ಲಿ ತಾವೇ ಬರೆದರು. ಎರಡು ವಾರ ಹಿಡಿಯಿತು. ಪ್ರೆಸ್ಸಿನವರಿಗೆ ಓದಲಾಗದೆ ದಿನಕ್ಕೆ ಹತ್ತು ಸಲ ಫೋನು. ಇವರು ವರಾಂಡದಲ್ಲಿ ನಿಂತು ಒಂದೊಂದು ಪದವನ್ನೂ ಕೂಗಿ ಹೇಳುತ್ತಿದ್ದರು. ನಾನು ಒಳಗೆ ಕಾಯಿ ತುರಿಯುತ್ತ ಕೇಳುತ್ತಿದ್ದೆ. ಬೇಸಿಗೆಯಲ್ಲಿ ಪುಸ್ತಕ ಬಂತು. ಮುನ್ನುಡಿಯಲ್ಲಿ ನನಗೂ ಒಂದು ಸಾಲು ಕೃತಜ್ಞತೆ ಇದೆ. ಮೊದಲಾಗಿದ್ದರೆ ಪುಸ್ತಕವನ್ನು ದೇವರ ಮುಂದಿಟ್ಟು ಹೂ ಏರಿಸುತ್ತಿದ್ದೆ. ಹನ್ನೊಂದನೆಯ ಅಧ್ಯಾಯದಲ್ಲಿ ಆ ಒಂಬತ್ತು ದಿನ ಇಲ್ಲ. ಪ್ರವಾಸದ ಬಗ್ಗೆ ಬರೆಯಿರಿ ಎಂದು ಪತ್ರಿಕೆಯವರು ನನ್ನನ್ನು ಕೇಳಿದ್ದಕ್ಕೆ ಅವು ಇಲ್ಲಿ ಬಂದಿವೆ. ಬರೆಯುವ ಮೊದಲು ಇವರಿಗೆ ಹೇಳಿದೆ. ಬೇಡ ಎನ್ನಲಿಲ್ಲ, ಅಷ್ಟರ ಮಟ್ಟಿಗೆ ನನ್ನ ಪುಣ್ಯ.

ಮೊನ್ನೆ ಮತ್ತೆ ಮಹಾಲಯ ಅಮಾವಾಸ್ಯೆ. ಹಿತ್ತಿಲಿನ ಕಲ್ಲಿನ ಮೇಲೆ ಇವರು ಕೂತರು, ನಾನು ಚೊಂಬು ಹಿಡಿದು ನಿಂತೆ. ತಂದೆ ತಾಯಿ, ಅಜ್ಜ ಅಜ್ಜಿ. ಏಳು ಮನೆಯ ತಾಯಂದಿರು, ಒಬ್ಬೊಬ್ಬರಿಗೂ ಹಾಕಿದೆ. ಆಮೇಲೆ ಜನರಲ್ ಸಾಹೇಬರ ಹೆಸರು ಹೇಳಿ, ಕಾಶ್ಯಪ ಗೋತ್ರ ಎಂದು ಎಳ್ಳು ಹಿಡಿದ ಕೈ ಚಾಚಿದರು.

ನಾನು ಚೊಂಬನ್ನು ಬಗ್ಗಿಸಲಿಲ್ಲ.

ಇವರು ಹಾಕು ಎನ್ನಲಿಲ್ಲ. ಕೈ ಹಾಗೇ ಇತ್ತು. ಒಳಗಿನಿಂದ ಪಾಯಸ ತಳ ಹಿಡಿಯುವ ವಾಸನೆ ಬರತೊಡಗಿತು. ನನಗೂ ಬಂತು, ಇವರಿಗೂ ಬಂತು. ನಾನು ಒಲೆಯ ಹತ್ತಿರ ಹೋಗಲಿಲ್ಲ, ಇವರು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಹಳ ಹೊತ್ತಾದ ಮೇಲೆ ಬೆರಳು ಸಡಿಲವಾಗಿ ಎಳ್ಳು ಒಣದಾಗಿಯೇ ತಟ್ಟೆಗೆ ಬಿತ್ತು. ಬೇರೆ ಎಳ್ಳು ತೆಗೆದುಕೊಂಡು ಕೊನೆಯದನ್ನು ಹೇಳಿದರು, ಹೆಸರಿಲ್ಲದವರಿಗೆ, ನೀರು ಕೊಡಲು ಯಾರೂ ಇಲ್ಲದವರಿಗೆ. ಚೊಂಬಿನಲ್ಲಿ ಇದ್ದಷ್ಟನ್ನೂ ಅದಕ್ಕೆ ಸುರಿದೆ.

ಊಟಕ್ಕೆ ಆ ಪಾಯಸವನ್ನೇ ಬಡಿಸಿದೆ. ಇವರು ಎಂದಿನಂತೆ ಎಲೆ ಬರಿದಾಗುವವರೆಗೂ ಉಂಡರು. ಸೀದಿದೆ ಎನ್ನಲಿಲ್ಲ.